ಮಕ್ಕಳ ಮಲಗುವ ಕೋಣೆ: ಕೊಳ್ಳುವ ಮೊದಲು ತೆಗೆಯಬೇಕಾದದ್ದು

ಪ್ರಶ್ನೆ: ದಾವಣಗೆರೆಯ ನಿಟುವಳ್ಳಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ನಮಗೆ ನಾಲ್ಕು ವರ್ಷದ ಮಗ ಮತ್ತು ಏಳು ತಿಂಗಳ ಮಗಳು. ಹತ್ತು ಅಡಿಗೆ ಹನ್ನೊಂದು ಅಡಿಯ ಒಂದು ಕೋಣೆಯನ್ನು ಮಕ್ಕಳ ಆಟಕ್ಕೂ ನಿದ್ದೆಗೂ ಬಿಟ್ಟುಕೊಡಬೇಕೆಂದಿದ್ದೇವೆ. ರಾತ್ರಿ ಅತ್ತೆಯವರೂ ಅಲ್ಲೇ ಮಲಗುತ್ತಾರೆ. ಈಗ ಅಲ್ಲಿ ಕಬ್ಬಿಣದ ಬೀರು, ಹಳೆಯ ಟ್ರಂಕು, ಒಂದು ದಿವಾನ ಇವೆ. ಮಗಳು ಹಗಲು ಸೀರೆಯ ಜೋಲಿಯಲ್ಲಿ ಮಲಗುತ್ತಾಳೆ. ಯಜಮಾನರು ಎರಡು ಅಂತಸ್ತಿನ ಮಂಚ ತರೋಣ ಎನ್ನುತ್ತಾರೆ. ನಾನು ಸುತ್ತಲೂ ಮೆತ್ತೆ ಇರುವ ತೊಟ್ಟಿಲ ಸೆಟ್ಟನ್ನೂ ಮೂಲೆಗಳಿಗೆ ಅಂಟಿಸುವ ರಬ್ಬರನ್ನೂ ನೋಡಿಟ್ಟಿದ್ದೇನೆ. ಬೇಸಿಗೆಗೆ ಕೂಲರ್ ಬೇಕೇ ಬೇಕು, ಸೊಳ್ಳೆಯ ಕಾಟವೂ ಇದೆ. ಗೋಡೆಗೆ ಮೊಳೆ ಹೊಡೆಯಲು ಮಾಲೀಕರು ಸುಲಭವಾಗಿ ಒಪ್ಪುವುದಿಲ್ಲ. ಏನು ಕೊಳ್ಳಬೇಕು, ಯಾವುದು ಬೇಡ?

ಉತ್ತರ: ನಿಮ್ಮ ಪತ್ರದಲ್ಲಿ ಕೊಳ್ಳಬೇಕಾದ ವಸ್ತುಗಳ ವಿಚಾರ ಹೆಚ್ಚಿದೆ, ಕೋಣೆಯಲ್ಲಿ ಈಗಾಗಲೇ ಇರುವ ವಸ್ತುಗಳ ಬಗ್ಗೆ ಒಂದೇ ಸಾಲಿದೆ. ಮಕ್ಕಳ ವೈದ್ಯಕೀಯದಲ್ಲಿರುವ ನನಗೆ ಹೆಚ್ಚು ಚಿಂತೆ ತಂದದ್ದು ಆ ಒಂದು ಸಾಲು. ಮಲಗುವ ಕೋಣೆಯಲ್ಲಿ ಮಕ್ಕಳ ಜೀವಕ್ಕೆ ಎರವಾಗುವುದು ಉಸಿರು ಕಟ್ಟುವುದು, ಭಾರವಾದದ್ದು ಮೈಮೇಲೆ ಬೀಳುವುದು, ಎತ್ತರದಿಂದ ಬೀಳುವುದು, ಕರೆಂಟ್ ಹೊಡೆಯುವುದು, ವಿಷವಾದದ್ದು ಬಾಯಿಗೆ ಹೋಗುವುದು. ಮಂಚದ ಮೂಲೆ ತಗುಲಿ ಹಣೆ ಊದಿಕೊಳ್ಳುವುದು ಇವುಗಳ ಮುಂದೆ ಸಣ್ಣ ಮಾತು. ಆದ್ದರಿಂದ ಮೂಲೆಗೆ ಅಂಟಿಸುವ ರಬ್ಬರನ್ನು ಬೇಕಿದ್ದರೆ ತನ್ನಿ, ಆದರೆ ಅದನ್ನು ಕೊನೆಯ ಕೆಲಸವಾಗಿ ಇಟ್ಟುಕೊಳ್ಳಿ. ಅಂಟು ಬಿಟ್ಟ ರಬ್ಬರಿನ ತುಂಡು ಏಳು ತಿಂಗಳ ಮಗುವಿನ ಬಾಯಿಗೇ ಹೋಗುತ್ತದೆ ಎಂಬುದೂ ನೆನಪಿರಲಿ.

ಕೋಣೆಯನ್ನು ಎರಡು ಹೊತ್ತಿನ ಲೆಕ್ಕದಲ್ಲಿ ನೋಡಬೇಕು. ಒಂದು, ನೀವು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿರುವಾಗ ಮಕ್ಕಳಿಬ್ಬರೇ ಒಳಗಿರುವ ಹತ್ತು ನಿಮಿಷ. ಇನ್ನೊಂದು, ಮನೆಯವರೆಲ್ಲ ಗಾಢ ನಿದ್ದೆಯಲ್ಲಿರುವ ರಾತ್ರಿಯ ಎರಡು ಗಂಟೆ. ದೊಡ್ಡವರು ಎದುರಿಗಿದ್ದು ಕಾಯುವಾಗ ಮಾತ್ರ ಕ್ಷೇಮವಾಗಿರುವ ಕೋಣೆಯನ್ನು ನಾನು ಕ್ಷೇಮವಾದ ಕೋಣೆ ಎಂದು ಕರೆಯುವುದಿಲ್ಲ. ಜೊತೆಗೆ ಇಂದಿನ ಮಗುವನ್ನಷ್ಟೇ ನೋಡಿ ಏರ್ಪಾಡು ಮಾಡಬಾರದು. ಈಗ ಮಗುಚಿಕೊಳ್ಳುವ ನಿಮ್ಮ ಮಗಳು ಇನ್ನು ಎರಡು ಮೂರು ತಿಂಗಳಲ್ಲಿ ಅಂಬೆಗಾಲಿಟ್ಟು, ಸಿಕ್ಕಿದ್ದನ್ನು ಹಿಡಿದು ಎದ್ದು ನಿಲ್ಲುತ್ತಾಳೆ, ಒಂದೂವರೆ ವರ್ಷಕ್ಕೆ ಹತ್ತಲು ತೊಡಗುತ್ತಾಳೆ. ಒಮ್ಮೆ ನೆಲದ ಮೇಲೆ ಕುಳಿತು ಕೈಗೆಟಕುವುದನ್ನೆಲ್ಲ ಎಳೆದು ನೋಡಿ. ನಿಂತಾಗ ಕಾಣದ ಎಷ್ಟೋ ಸಂಗತಿಗಳು ಆ ಎತ್ತರದಿಂದ ಕಾಣುತ್ತವೆ.

ಬೀರುವಿನಿಂದ ಆರಂಭಿಸೋಣ. ಆರಡಿ ದಾಟಿದ ಕಬ್ಬಿಣದ ಬೀರು ನಾಲ್ಕು ಸಣ್ಣ ಕಾಲುಗಳ ಮೇಲೆ ನಿಂತಿರುತ್ತದೆ. ಅದರ ಆಳ ಎತ್ತರದ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಎರಡೂ ಬಾಗಿಲು ತೆರೆದಾಗ ಭಾರ ಮುಂದಕ್ಕೆ ಬರುತ್ತದೆ, ಆ ಹೊತ್ತಿಗೆ ನಾಲ್ಕು ವರ್ಷದ ಹುಡುಗ ಮೇಲಿನ ಅರೆಯಲ್ಲಿರುವ ಚಾಕೊಲೇಟಿಗಾಗಿ ಕೆಳಗಿನ ಅರೆಯ ಮೇಲೆ ಕಾಲಿಟ್ಟು ಹತ್ತಿದರೆ ಬೀರು ಅವನ ಮೇಲೆಯೇ ಮಗುಚಿಕೊಳ್ಳಬಹುದು. ನೆಲದ ಟೈಲ್ಸ್ ಸ್ವಲ್ಪ ಓರೆಯಾಗಿದ್ದು, ಬೀರುವಿನ ನೆತ್ತಿಯ ಮೇಲೆ ಸೂಟ್‌ಕೇಸು, ಹಳೆಯ ಮಿಕ್ಸಿ ಇಟ್ಟಿದ್ದರೆ ಅಪಾಯ ಇನ್ನೂ ಹೆಚ್ಚು. ಸರಿಯಾದ ಪರಿಹಾರವೆಂದರೆ ಬೀರುವಿನ ಮೇಲ್ಭಾಗದ ಎರಡು ಕಡೆ ಎಲ್ ಆಕಾರದ ಕ್ಲಾಂಪ್ ಹಾಕಿ ಗೋಡೆಗೆ ಬಿಗಿಯುವುದು. ಗೋಡೆಯ ಗಿಲಾವಿಗೆ ಮಾತ್ರ ಕಚ್ಚಿಕೊಂಡ ಸ್ಕ್ರೂ ಭಾರ ತಡೆಯದೆ ಕಿತ್ತು ಬರುತ್ತದೆ, ಆದ್ದರಿಂದ ರಂಧ್ರ ಇಟ್ಟಿಗೆಯವರೆಗೆ ಇಳಿದಿರಬೇಕು. ಮಾಲೀಕರಿಗೆ ನೀವು ಹೇಳಬಹುದಾದ ಮಾತು ಇಷ್ಟು: ಮನೆ ಬಿಡುವಾಗ ಪುಟ್ಟಿ ತುಂಬಿ ಮುಚ್ಚಬಹುದಾದ ನಾಲ್ಕು ಸಣ್ಣ ರಂಧ್ರಗಳು, ಅವುಗಳ ಖರ್ಚು ನಮ್ಮದು. ಆದರೂ ಅವರು ಒಪ್ಪದಿದ್ದರೆ ಬೀರುವನ್ನು ನಿಮ್ಮ ಕೋಣೆಗೆ ಸಾಗಿಸಿ, ಬೀಗ ಹಾಕಿ, ಕೀಲಿಯನ್ನು ಬಾಗಿಲಲ್ಲೇ ನೇತುಬಿಡದೆ ತೆಗೆದಿಡಿ. ಮಕ್ಕಳ ಬಟ್ಟೆಗೆ ಸೊಂಟದ ಎತ್ತರ ಮೀರದ ಕಪಾಟು ಸಾಕು, ಅದನ್ನೂ ಗೋಡೆಗೆ ಬಿಗಿಯಬೇಕು. ಸ್ಟ್ಯಾಂಡಿನ ಮೇಲಿಟ್ಟ ಟಿವಿಗೂ ಈ ಮಾತು ಅನ್ವಯಿಸುತ್ತದೆ, ಆದರೆ ಮಕ್ಕಳು ಮಲಗುವ ಕೋಣೆಗೆ ಟಿವಿ ಏಕೆ ಬೇಕು ಎಂಬುದು ನನಗೆ ಇಂದಿಗೂ ಅರ್ಥವಾಗದ ಸಂಗತಿ.

ಟ್ರಂಕಿನ ಅಪಾಯ ಬೇರೆ ಬಗೆಯದು. ಕಣ್ಣಾಮುಚ್ಚಾಲೆ ಆಡುವ ಮಗು ಅದರೊಳಗೆ ಅವಿತು ಮುಚ್ಚಳ ಎಳೆದುಕೊಂಡರೆ, ಹೊರಗಿನ ಕೊಂಡಿ ತಾನಾಗಿಯೇ ಬಿದ್ದುಕೊಳ್ಳಬಹುದು. ಒಳಗಿನ ಗಾಳಿ ಬೇಗ ಮುಗಿಯುತ್ತದೆ, ದಪ್ಪ ತಗಡಿನೊಳಗಿಂದ ಕೂಗು ಹೊರಗೆ ಕೇಳಿಸುವುದಿಲ್ಲ. ಟ್ರಂಕನ್ನು ಅಟ್ಟಕ್ಕೇರಿಸಿ, ಇಲ್ಲವೇ ಒಳಗೆ ಪಾತ್ರೆ ಇರಲಿ, ಖಾಲಿ ಇರಲಿ, ಸದಾ ಬೀಗ ಹಾಕಿಡಿ. ದಿವಾನದ ಹಲಗೆಯ ಕೆಳಗೆ ಸಾಮಾನು ತುಂಬುವ ಪೆಟ್ಟಿಗೆ ಇದ್ದರೆ ಅದಕ್ಕೂ ಒಂದು ಬೀಗದ ಕೊಂಡಿ ಹಾಕಿಸಿ. ಎತ್ತಿದ ಹಲಗೆ ಕೈಜಾರಿ ಬಿದ್ದು ಮಗುವಿನ ಕತ್ತು ಸಿಕ್ಕಿಕೊಳ್ಳುವ ಭಯವೂ ಅಲ್ಲಿದೆ.

ಇನ್ನು ಮಗಳ ನಿದ್ದೆ. ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ನಡೆದುಬಂದ ಕೆಲವು ಪದ್ಧತಿಗಳನ್ನು ಇಲ್ಲಿ ಬದಲಿಸಬೇಕಾಗಿರುವುದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ. ಒಂದು ವರ್ಷ ತುಂಬುವವರೆಗೆ ಮಗುವನ್ನು ಹಗಲಾಗಲಿ ರಾತ್ರಿಯಾಗಲಿ ಅಂಗಾತ ಮಲಗಿಸಬೇಕು. ಹಾಸಿಗೆ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಮಲಗುವ ಜಾಗದಲ್ಲಿ ದಿಂಬು, ಮೆತ್ತನೆಯ ಗೊಂಬೆ, ಸಡಿಲವಾದ ಹೊದಿಕೆ ಇರಬಾರದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಶಿಶುಗಳನ್ನು ಬೋರಲು ಮಲಗಿಸಬೇಡಿ ಎಂದು ಹೇಳಿತು, 1994ರಲ್ಲಿ ಅಲ್ಲಿ ಅಂಗಾತ ಮಲಗಿಸುವ ಸಾರ್ವಜನಿಕ ಅಭಿಯಾನ ನಡೆಯಿತು. ನಂತರದ ವರ್ಷಗಳಲ್ಲಿ ನಿದ್ದೆಯಲ್ಲೇ ಆಗುವ ಶಿಶುಗಳ ಹಠಾತ್ ಮರಣ ಅಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯಿತು. ಅದೇ ಸಂಸ್ಥೆ 2022ರಲ್ಲಿ ಪರಿಷ್ಕರಿಸಿದ ಸಲಹೆಯಲ್ಲಿಯೂ ಅಂಗಾತ ಭಂಗಿ, ಗಟ್ಟಿ ಹಾಸಿಗೆ, ಖಾಲಿ ಮಲಗುತಾಣ ಎಂಬ ಮಾತುಗಳೇ ಉಳಿದಿವೆ. ನಿಮ್ಮ ಮಗಳು ಎರಡೂ ಕಡೆಗೆ ತಾನೇ ಮಗುಚಿಕೊಳ್ಳಬಲ್ಲಳಾದರೆ ರಾತ್ರಿಯಿಡೀ ಎದ್ದೆದ್ದು ತಿರುಗಿಸಬೇಕಾಗಿಲ್ಲ. ಮಲಗಿಸುವಾಗ ಅಂಗಾತ ಮಲಗಿಸಿದರೆ ಸಾಕು. ಹಾಲು ಕಕ್ಕಿದರೆ ಉಸಿರಿಗೆ ಸಿಕ್ಕೀತು ಎಂದು ಅತ್ತೆಯವರು ಅಂಜಬಹುದು. ಆರೋಗ್ಯವಾಗಿರುವ ಮಗು ಅಂಗಾತ ಮಲಗಿದ್ದಾಗಲೂ ಕಕ್ಕಿದ್ದನ್ನು ನುಂಗಿಕೊಳ್ಳುತ್ತದೆ ಇಲ್ಲವೇ ಕೆಮ್ಮಿ ಹೊರಹಾಕುತ್ತದೆ. ಆ ಭಂಗಿಯಲ್ಲಿ ಶ್ವಾಸನಾಳ ಅನ್ನನಾಳಕ್ಕಿಂತ ಮೇಲಿರುತ್ತದೆ.

ಈ ಕಾರಣಕ್ಕೇ ನೀವು ನೋಡಿಟ್ಟಿರುವ ಸುತ್ತು ಮೆತ್ತೆಯ ಸೆಟ್ಟು ಬೇಡ. ಅಂಗಡಿಯಲ್ಲಿ ಅದು ಮುದ್ದಾಗಿ ಕಾಣುತ್ತದೆ, ಆದರೆ ಮಗುವಿನ ಮುಖ ಅದಕ್ಕೆ ಒತ್ತಿಕೊಂಡರೆ ಉಸಿರಿಗೆ ದಾರಿಯಿರುವುದಿಲ್ಲ, ಎದ್ದು ನಿಲ್ಲುವ ವಯಸ್ಸಿಗೆ ಅದೇ ಮೆಟ್ಟಿಲಾಗುತ್ತದೆ. ಅಮೆರಿಕದಲ್ಲಿ ಇಂಥ ಮೆತ್ತೆಯ ಮಾರಾಟವನ್ನೇ 2022ರ ಕಾನೂನು ನಿಷೇಧಿಸಿದೆ. ಮಗು ಉರುಳಬಾರದೆಂದು ದೊಡ್ಡ ಮಂಚದ ಮೇಲೆ ಆಚೀಚೆ ಎರಡು ದಿಂಬು ಒತ್ತರಿಸುವುದೂ ತಲೆ ದುಂಡಗಾಗಲೆಂದು ರಾಗಿ ಅಥವಾ ಸಾಸಿವೆಯ ದಿಂಬು ಇಡುವುದೂ ಇದೇ ಸಾಲಿಗೆ ಸೇರುತ್ತವೆ. ತಲೆಯ ಆಕಾರಕ್ಕೆ ಬೇಕಾಗಿರುವುದು ಎಚ್ಚರವಿದ್ದಾಗ ನಿಮ್ಮ ಕಣ್ಣೆದುರು ಹೊಟ್ಟೆಯ ಮೇಲೆ ಆಡಿಸುವುದು. ಮಗುವನ್ನು ದಿವಾನದ ಮೇಲೆ ಗೋಡೆಯ ಪಕ್ಕ ಮಲಗಿಸಬೇಡಿ. ಹಾಸಿಗೆ ಮತ್ತು ಗೋಡೆಯ ನಡುವಿನ ಸಂದಿಗೆ ಜಾರಿದರೆ ಮುಖ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಹಾಗಾದರೆ ಎಲ್ಲಿ ಮಲಗಿಸಬೇಕು? ಕಟಕಟೆಯಿರುವ ಮಕ್ಕಳ ಮಂಚ ಕೊಳ್ಳುವ ಅನುಕೂಲವಿದ್ದರೆ ಅಳತೆಪಟ್ಟಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಸರಳುಗಳ ನಡುವಿನ ಅಂತರ 6 ಸೆಂಟಿಮೀಟರ್ ಮೀರಬಾರದು, ಏಕೆಂದರೆ ಅದಕ್ಕಿಂತ ಹೆಚ್ಚಿದ್ದರೆ ಮೈ ನುಸುಳಿ ತಲೆ ಸಿಕ್ಕಿಕೊಳ್ಳುತ್ತದೆ. ಹಾಸಿಗೆಗೂ ಕಟಕಟೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದಿ ಇರಬಾರದು. ಒಂದು ಬದಿ ಕೆಳಕ್ಕೆ ಜಾರುವ ಮಾದರಿಯನ್ನು ತರಬಾರದು. ಕುಳಿತುಕೊಳ್ಳುವ ಮಗುವಿಗೆ ಹಾಸಿಗೆಯ ಹಲಗೆಯನ್ನು ಆಗಲೇ ಕೆಳಗಿನ ಮಟ್ಟಕ್ಕಿಳಿಸಬೇಕು, ಮಗು ಸುಮಾರು 89 ಸೆಂಟಿಮೀಟರ್ ಬೆಳೆದಾಗ ಅಥವಾ ಕಟಕಟೆ ಹತ್ತಲು ತೊಡಗಿದಾಗ ಆ ಮಂಚವನ್ನೇ ಬಿಡಬೇಕು. ಇಷ್ಟು ಖರ್ಚು ಬೇಡವೆನಿಸಿದರೆ ನೆಲದ ಮೇಲೆ ಚಾಪೆ, ಅದರ ಮೇಲೆ ತೆಳುವಾದ ಗಟ್ಟಿ ಹತ್ತಿ ಹಾಸಿಗೆ ಹಾಸಿ ಮಗುವಿಗೆ ಪ್ರತ್ಯೇಕ ಜಾಗ ಮಾಡಿ. ಬೀಳುವ ಮಾತೇ ಇರುವುದಿಲ್ಲ. ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ನಮ್ಮ ಊರಿನಲ್ಲಿ ಹಾಸಿಗೆ ಹೊಲಿಸುವುದು ಕಷ್ಟವಲ್ಲ, ಆದರೆ ಹೊಸದಾಗಿ ಅರಳೆ ಹಿಂಜಿ ತುಂಬಿದ ಹಾಸಿಗೆ ಕೆಲವು ವಾರ ಉಬ್ಬಿ ಮೆತ್ತಗಿರುತ್ತದೆ. ಅಷ್ಟು ದಿನ ಅದನ್ನು ದೊಡ್ಡವರು ಬಳಸಲಿ. ಅಂಗೈ ಒತ್ತಿ ತೆಗೆದಾಗ ಗುಳಿ ಉಳಿಯುವ ಹಾಸಿಗೆ ಮಗುವಿಗೆ ಸಲ್ಲದು. ಬೂರುಗದ ಅರಳೆಯ ಹಾಸಿಗೆಯಂತೂ ಬೇಡ.

ಮಗುವಿನ ಹಾಸಿಗೆ ದೊಡ್ಡವರು ಮಲಗುವ ಕೋಣೆಯಲ್ಲಿಯೇ ಇರಲಿ. ಆರು ತಿಂಗಳಾದರೂ ಹಾಗಿರಬೇಕು ಎಂಬುದು ವೈದ್ಯರ ಸಲಹೆ, ಒಂದು ವರ್ಷದವರೆಗೆ ಇದ್ದರೆ ನನಗಂತೂ ಇನ್ನೂ ಸಮಾಧಾನ. ನೀವು ಇನ್ನೂ ಎದೆಹಾಲು ಕುಡಿಸುತ್ತಿದ್ದರೆ ಅವಳನ್ನು ಅತ್ತೆಯವರ ಬಳಿ ಬಿಡುವುದಕ್ಕಿಂತ ನಿಮ್ಮ ಕೋಣೆಯಲ್ಲೇ ಉಳಿಸಿಕೊಂಡು, ಈ ಕೋಣೆಯನ್ನು ಅವಳ ಹಗಲಿನ ಆಟಕ್ಕೆ ಬಳಸುವುದು ಸೂಕ್ತ. ಯಾವ ಕೋಣೆಯಾದರೂ ಅಣ್ಣನ ಹಾಸಿಗೆ ಬೇರೆ, ತಂಗಿಯ ಹಾಸಿಗೆ ಬೇರೆ ಆಗಿರಲಿ. ನಿದ್ದೆಯಲ್ಲಿ ಹೊರಳುವ ನಾಲ್ಕು ವರ್ಷದ ಮಗುವಿಗೆ ಪಕ್ಕದಲ್ಲಿ ಶಿಶುವಿದೆ ಎಂಬ ಅರಿವಿರುವುದಿಲ್ಲ.

ಬೆಚ್ಚಗಿಡುವ ವಿಚಾರದಲ್ಲಿ ನಮ್ಮವರ ಕಾಳಜಿ ಕೆಲವೊಮ್ಮೆ ಅತಿಯಾಗುತ್ತದೆ. ಮಾರ್ಚಿನಿಂದ ಮೇ ತಿಂಗಳವರೆಗೆ ಹಗಲಿನ ಬಿಸಿಲು 38–40 ಡಿಗ್ರಿ ಮುಟ್ಟುವ ನಮ್ಮ ಊರಿನಲ್ಲಿ ಕುಲಾವಿ, ಕಾಲುಚೀಲ ಹಾಕಿ ಕೌದಿ ಹೊದಿಸುವ ಅಗತ್ಯವೇ ಇಲ್ಲ. ಶಿಶುವಿನ ಮೈಯ ಶಾಖ ಹೊರಹೋಗುವುದು ಹೆಚ್ಚಾಗಿ ತಲೆಯಿಂದ. ಮನೆಯೊಳಗೆ ಮಲಗಿಸುವಾಗ ಕುಲಾವಿ ತೆಗೆಯಿರಿ. ನಿಮಗೆ ಬೇಕೆನಿಸುವುದಕ್ಕಿಂತ ಒಂದು ಪದರ ಹೆಚ್ಚು ಬಟ್ಟೆ ಮಗುವಿಗೆ ಸಾಕು. ಬೆನ್ನು ಅಥವಾ ಕತ್ತು ಬೆವತಿದ್ದರೆ ಅದೂ ಹೆಚ್ಚಾಯಿತೆಂದೇ ತಿಳಿಯಿರಿ. ಕತ್ತಿನಲ್ಲಿ ಕಪ್ಪು ದಾರ ಅಥವಾ ತಾಯಿತ ಇದ್ದರೆ ನಂಬಿಕೆಗೆ ಕುಂದಾಗದಂತೆ ಅದನ್ನು ಸೊಂಟಕ್ಕೆ ಕಟ್ಟಬಹುದು. ಕತ್ತಿನ ದಾರ ಎಲ್ಲಿಗಾದರೂ ಸಿಕ್ಕಿಕೊಂಡರೆ ಬಿಗಿಯುತ್ತದೆ.

ಸೀರೆಯ ಜೋಲಿಯನ್ನು ಈ ವಯಸ್ಸಿಗೆ ನಿಲ್ಲಿಸಲೇಬೇಕು. ಬಟ್ಟೆ ಎರಡೂ ಕಡೆಯಿಂದ ಮೈಗೆ ಒತ್ತಿ ಬಾಗಿಸುವುದರಿಂದ ಮಗುವಿನ ಗಲ್ಲ ಎದೆಗೆ ತಾಗಿ ಶ್ವಾಸನಾಳ ಕಿರಿದಾಗುತ್ತದೆ. ಏಳು ತಿಂಗಳ ಮಗು ಅದರಲ್ಲಿ ಎದ್ದು ಕುಳಿತರೆ ತಲೆಕೆಳಗಾಗಿ ಬೀಳುತ್ತದೆ. ನಾನು ಇದಕ್ಕಿಂತಲೂ ಹೆಚ್ಚು ಅಂಜುವುದು ನಿಮ್ಮ ಮಗನ ವಿಚಾರಕ್ಕೆ. ಖಾಲಿ ಜೋಲಿ ನೇತಾಡುತ್ತಿದ್ದರೆ ದೊಡ್ಡ ಮಕ್ಕಳು ಅದನ್ನು ಉಯ್ಯಾಲೆ ಮಾಡಿಕೊಂಡು ಸುತ್ತುತ್ತಾರೆ, ಹುರಿಗೊಂಡ ಸೀರೆ ಕತ್ತಿಗೆ ಬಿಗಿದು ಮಕ್ಕಳು ಪ್ರಾಣ ಕಳೆದುಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಅತ್ತೆಯವರಿಗೆ ಇದನ್ನು ತಪ್ಪು ಎತ್ತಿ ತೋರಿಸುವಂತೆ ಹೇಳಬೇಕಾಗಿಲ್ಲ. ಜೋಲಿ ಕಟ್ಟುತ್ತಿದ್ದ ಕಾಲದಲ್ಲಿ ಮನೆ ತುಂಬ ಜನರಿದ್ದರು, ಒಬ್ಬರಲ್ಲ ಒಬ್ಬರು ತೂಗುತ್ತ ಕೂರುತ್ತಿದ್ದರು. ಈಗ ನಿಮ್ಮ ಮನೆಯಲ್ಲಿ ಹಗಲು ಹೊತ್ತು ಇರುವವರು ನೀವಿಬ್ಬರೇ ಎಂದರೆ ಅವರಿಗೂ ಒಪ್ಪಿಗೆಯಾದೀತು. ತೂಗಿ ಮಲಗಿಸುವ ಅಭ್ಯಾಸ ಬಿಡಿಸಲು ಒಂದೆರಡು ವಾರ ಹಿಡಿಯಬಹುದು. ತೊಡೆಯ ಮೇಲೆ ತಟ್ಟಿ, ಜೋಗುಳ ಹಾಡಿ, ನಿದ್ದೆ ಹತ್ತುವ ಮುನ್ನ ಹಾಸಿಗೆಗೆ ಇಳಿಸುವುದನ್ನು ಬಿಡದೆ ಮಾಡಿ. ಜೋಲಿ ಬಿಚ್ಚಿದ ಮೇಲೆ ಸೀರೆಯನ್ನಾಗಲಿ ಹಗ್ಗವನ್ನಾಗಲಿ ಕೊಂಡಿಯಲ್ಲಿ ಬಿಡಬೇಡಿ.

ಕೂಲರಿನ ಬಗ್ಗೆ ನೀವು ಬೇಕೇ ಬೇಕು ಎಂದಿದ್ದೀರಿ, ನಾನೂ ಬೇಡ ಎನ್ನುವುದಿಲ್ಲ. ಆದರೆ ನೀರು, ತಗಡಿನ ಮೈ, ವಿದ್ಯುತ್ ಮೂರೂ ಒಂದೆಡೆ ಸೇರಿರುವ ಯಂತ್ರವನ್ನು ಒದ್ದೆ ಕೈಯ ಮಕ್ಕಳ ನಡುವೆ ಇಡುತ್ತಿದ್ದೇವೆ ಎಂಬ ಎಚ್ಚರ ಬೇಕು. ಪ್ಲಾಸ್ಟಿಕ್ ಮೈಯ ಕೂಲರ್ ಆರಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಭೂಸಂಪರ್ಕವಿರುವ ಗೋಡೆಯ ಸಾಕೆಟ್ಟಿಗೆ ನೇರವಾಗಿ ಹಾಕಿ, ನೆಲದ ಮೇಲೆ ಎಳೆದ ಎಕ್ಸ್‌ಟೆನ್ಷನ್ ಪೆಟ್ಟಿಗೆಯಿಂದ ಬೇಡ. ಪ್ಲಗ್ ಕಿತ್ತ ಮೇಲೆಯೇ ನೀರು ತುಂಬಿ. ಹಳೆಯ ಬಾಡಿಗೆ ಮನೆಗಳಲ್ಲಿ ಸಾಕೆಟ್ಟಿನ ಮೂರನೆಯ ರಂಧ್ರ ಹೆಸರಿಗಷ್ಟೇ ಇದ್ದು ಅದಕ್ಕೆ ತಂತಿಯೇ ಸೇರಿರುವುದಿಲ್ಲ, ಆದ್ದರಿಂದ ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಪರೀಕ್ಷಿಸಿ.

ಅದೇ ದಿನ ಅವರಿಂದ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಎಂದರೆ ಕರೆಂಟ್ ಸೋರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್, ಹಾಕಿಸಿ. ಇದು ಎಂಸಿಬಿಯಲ್ಲ. ಎಂಸಿಬಿ ತಂತಿ ಸುಡದಂತೆ ಕಾಯುತ್ತದೆಯೇ ಹೊರತು ಮನುಷ್ಯರಿಗೆ ಕರೆಂಟ್ ಹೊಡೆದಾಗ ಬೀಳಲೇಬೇಕೆಂದಿಲ್ಲ; ಆರ್‌ಸಿಸಿಬಿ ಹೊರಟ ವಿದ್ಯುತ್ತಿಗೂ ಹಿಂತಿರುಗಿದ ವಿದ್ಯುತ್ತಿಗೂ ವ್ಯತ್ಯಾಸ ಕಂಡೊಡನೆ ಸೆಕೆಂಡಿನ ಸಣ್ಣ ಪಾಲಿನಲ್ಲಿ ಸಂಪರ್ಕ ಕಡಿಯುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಒಂದು ಮಾತನ್ನು ಬಿಡದೆ ಕೇಳಿ: ಕರೆಂಟ್ ಹೋಗಿ ಇನ್ವರ್ಟರಿನಿಂದ ಓಡುವ ಹೊತ್ತಿನಲ್ಲಿಯೂ ಈ ಕೋಣೆಗೆ ಆ ರಕ್ಷಣೆ ಇರುತ್ತದೆಯೇ? ವೈರಿಂಗ್ ಮಾಡಿದ ಬಗೆಯನ್ನು ಅನುಸರಿಸಿ ಕೆಲವೊಮ್ಮೆ ಇರುವುದಿಲ್ಲ, ಆಗ ಇನ್ವರ್ಟರಿನ ಸಾಲಿಗೆ ಇನ್ನೊಂದನ್ನು ಹಾಕಬೇಕಾಗುತ್ತದೆ. ತಗ್ಗಿನಲ್ಲಿರುವ ಸಾಕೆಟ್ಟುಗಳಿಗೆ ಒಳಗೆ ಮುಚ್ಚಳವಿರುವ ಮಾದರಿ ಹಾಕಿಸಿ. ಮೊಬೈಲ್ ಚಾರ್ಜರಿನ ತುದಿ ಹಾಸಿಗೆಯ ಮೇಲೆ ಬಿದ್ದಿರಬಾರದು. ಟೇಬಲ್ ಫ್ಯಾನಿನ ಜಾಲರಿಯಲ್ಲಿ ಮಗುವಿನ ಬೆರಳು ತೂರುವಂತಿದ್ದರೆ ಅದು ಈ ಕೋಣೆಗೆ ಬೇಡ.

ಸೊಳ್ಳೆಯ ಕಾಟಕ್ಕೂ ಕೂಲರಿಗೂ ನಂಟಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಶುದ್ಧವಾದ ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ, ಬೆಚ್ಚಗಿನ ಕಾಲದಲ್ಲಿ ಏಳೆಂಟು ದಿನಗಳಲ್ಲಿಯೇ ಹೊಸ ಸೊಳ್ಳೆ ಹಾರುತ್ತದೆ. ಆದ್ದರಿಂದ ಕೂಲರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು. ಅಂಟಿಕೊಂಡ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ, ಬೇಸಿಗೆ ಮುಗಿದು ಮೂಲೆ ಸೇರುವ ಕೂಲರನ್ನೂ ಉಜ್ಜಿಯೇ ಇಡಿ. ಈಡಿಸ್ ಕಚ್ಚುವುದು ಹಗಲಿನಲ್ಲಿ, ಹಾಗಾಗಿ ಮಧ್ಯಾಹ್ನದ ನಿದ್ದೆಗೂ ಸೊಳ್ಳೆಪರದೆ ಬೇಕು. ನನ್ನ ಆಯ್ಕೆ ಯಾವಾಗಲೂ ಪರದೆಯೇ. ಅದು ಬಿಗಿಯಾಗಿ ನಿಂತಿರಬೇಕು, ಮಗುವಿನ ಮುಖದ ಮೇಲೆ ಜೋತುಬೀಳಬಾರದು, ಅಂಚು ಹಾಸಿಗೆಯ ಕೆಳಗೆ ಸೇರಿರಬೇಕು. ಸೊಳ್ಳೆ ಬತ್ತಿಯನ್ನು ಮುಚ್ಚಿದ ಕೋಣೆಯಲ್ಲಿ ಹಚ್ಚಲೇಬೇಡಿ. ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ ಹೊಮ್ಮುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಮಗುವಿನ ತಲೆಗೆ ನಿತ್ಯ ಸಾಂಬ್ರಾಣಿ ಹೊಗೆ ಹಿಡಿಯುವುದನ್ನೂ ನಿಲ್ಲಿಸುವುದು ಒಳ್ಳೆಯದು. ಪ್ಲಗ್ಗಿಗೆ ಹಾಕುವ ದ್ರವದ ಬಾಟಲಿ ಬಳಸುವುದಾದರೆ ಮಗುವಿಗೆ ಎಟಕದ ಸಾಕೆಟ್ಟಿನಲ್ಲಿರಲಿ. ಆ ದ್ರವ ಕುಡಿದ ಮಕ್ಕಳನ್ನು ತುರ್ತು ಚಿಕಿತ್ಸೆಗೆ ಕರೆತರುವುದು ಅಪರೂಪವಲ್ಲ.

ವಿಷದ ಮಾತು ಬಂದಾಗ ನಾವು ಇಲಿ ಪಾಷಾಣ, ಫಿನಾಯಿಲು ಎಂದು ಯೋಚಿಸುತ್ತೇವೆ. ಅಜ್ಜಿ ಮಲಗುವ ಕೋಣೆಯಲ್ಲಿ ಅದಕ್ಕಿಂತ ಹತ್ತಿರದ ಅಪಾಯ ದಿಂಬಿನ ಕೆಳಗಿನ ಮಾತ್ರೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಸಕ್ಕರೆ ಕಾಯಿಲೆಯ ಒಂದೇ ಒಂದು ಮಾತ್ರೆ ಸಣ್ಣ ಮಗುವಿನ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕಿಳಿಸಬಲ್ಲದು, ಅದೂ ಕೆಲವು ಗಂಟೆಗಳ ನಂತರ, ಆದ್ದರಿಂದ ಮಗು ಚೆನ್ನಾಗಿಯೇ ಇದೆಯಲ್ಲ ಎಂದು ಮನೆಯಲ್ಲೇ ಕಾಯಬಾರದು. ರಕ್ತದೊತ್ತಡದ ಕೆಲವು ಮಾತ್ರೆಗಳೂ ಹೀಗೆಯೇ. ಅತ್ತೆಯವರಿಗೆ ಬೀಗವಿರುವ ಡಬ್ಬಿಯೊಂದನ್ನು ಕೊಟ್ಟು, ಅವರ ಕೈಗೆಟಕುವ ಆದರೆ ಮೊಮ್ಮಗನಿಗೆ ಎಟಕದ ಎತ್ತರದಲ್ಲಿಡಿ. ಕೈಯಿಂದ ಜಾರಿದ ಮಾತ್ರೆಯನ್ನು ಸಿಗುವವರೆಗೆ ಹುಡುಕಲೇಬೇಕು. ಕರ್ಪೂರವೂ ಅಷ್ಟೇ ಎಚ್ಚರಕ್ಕೆ ತಕ್ಕದ್ದು. ಕಲ್ಲುಸಕ್ಕರೆಯೆಂದು ಬಾಯಿಗೆ ಹಾಕಿಕೊಂಡ ಮಗುವಿಗೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು, ಶೀತಕ್ಕೆಂದು ಅದನ್ನು ಶಿಶುವಿನ ಎದೆಗೆ, ಮೂಗಿಗೆ ಹಚ್ಚುವುದೂ ಸಲ್ಲದು. ಬೀರುವಿನಲ್ಲಿ ಹಾಕುವ ನುಸಿಗುಳಿಗೆಯಲ್ಲಿರುವ ನ್ಯಾಫ್ತಲಿನ್, ಹುಟ್ಟಿನಿಂದಲೇ ಜಿ6ಪಿಡಿ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ರಕ್ತಕಣಗಳನ್ನು ಒಡೆದು ಕಾಮಾಲೆ ತರುತ್ತದೆ. ಆ ಕೊರತೆ ಯಾವ ಮಗುವಿಗಿದೆ ಎಂದು ಹೊರಗಿನಿಂದ ತಿಳಿಯದು, ಹಾಗಾಗಿ ಮಕ್ಕಳ ಬಟ್ಟೆಯ ನಡುವೆ ಅದು ಬೇಡವೇ ಬೇಡ. ಇಂಥದ್ದು ಏನೇ ನುಂಗಿದರೂ ವಾಂತಿ ಮಾಡಿಸಲು ಹೋಗದೆ, ಡಬ್ಬಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಆಟದ ಸಾಮಾನಿನಲ್ಲಿ ನಿಮಗಿರುವ ತೊಡಕು ಇಬ್ಬರ ವಯಸ್ಸಿನ ಅಂತರದ್ದು. ಅಣ್ಣನಿಗೆ ತಕ್ಕ ಸಣ್ಣ ಸಣ್ಣ ಜೋಡಣೆಯ ತುಂಡುಗಳು ತಂಗಿಗೆ ಪ್ರಾಣಾಪಾಯ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳ ಪರೀಕ್ಷೆಗೆ ಬಳಸುವ ಕೊಳವೆಯ ಅಗಲ 31.7 ಮಿಲಿಮೀಟರ್, ಅದರೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಲ್ಲೂ ಸಿಕ್ಕಿಕೊಳ್ಳುತ್ತದೆ ಎಂದು ಲೆಕ್ಕ. ಮಗನ ತುಂಡುಗಳಿಗೆ ಮುಚ್ಚಳದ ಡಬ್ಬಿ ಮಾಡಿ, ಅವನು ಅದನ್ನು ದಿವಾನದ ಮೇಲೆ ಕುಳಿತೇ ಆಡುವಂತೆ ಅಭ್ಯಾಸ ಮಾಡಿಸಿ, ನೆಲ ತಂಗಿಯದು. ನಾಲ್ಕು ವರ್ಷದವನು ಮರೆಯುತ್ತಾನೆ, ಸಂಜೆ ನೆಲ ಗುಡಿಸುವ ಕೆಲಸ ನಿಮ್ಮದೇ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಆ ಗುರುತು ನೋಡಿಯೇ ಕೊಳ್ಳಿ. ಜಾತ್ರೆಯಲ್ಲಿ ಕೊಂಡ ಆಟಿಕೆಯನ್ನು ಎಳೆದು ತಿರುಚಿ ಕಣ್ಣು, ಗಾಲಿ ಕಿತ್ತು ಬರುವುದಿಲ್ಲವೇ ನೋಡಿ. ಒಡೆದ ಬಲೂನಿನ ಚೂರು, ನೀರಿನಲ್ಲಿ ಊದುವ ಬಣ್ಣದ ಮಣಿ ಈ ಕೋಣೆಗೆ ಬರಬಾರದು. ಮಂಡಕ್ಕಿ, ಶೇಂಗಾ ತಿನ್ನುವುದು ಪಡಸಾಲೆಯಲ್ಲಾಗಲಿ. ಚಳ್ಳಕೆರೆಯ ಶೇಂಗಾ ಸೀಮೆಯ ನಮಗೆ ಇದು ಕಷ್ಟದ ಮಾತಾದರೂ, ಮಕ್ಕಳ ಶ್ವಾಸನಾಳದಿಂದ ಹೊರತೆಗೆಯುವ ವಸ್ತುಗಳಲ್ಲಿ ಶೇಂಗಾ ಬೀಜವೇ ಮುಂಚೂಣಿಯಲ್ಲಿದೆ.

ಇವೆಲ್ಲಕ್ಕಿಂತ ನಾನು ಅಂಜುವುದು ಗುಂಡಿಯಾಕಾರದ ಬ್ಯಾಟರಿಗೆ. ರಿಮೋಟು, ಮಿನುಗುವ ಆಟಿಕೆ, ಪ್ಲಾಸ್ಟಿಕ್ ದೀಪ, ಜ್ವರ ನೋಡುವ ಡಿಜಿಟಲ್ ಕಡ್ಡಿ ಎಲ್ಲದರಲ್ಲಿಯೂ ಅದಿರುತ್ತದೆ. 20 ಮಿಲಿಮೀಟರಿನ ಲಿಥಿಯಂ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ತೀವ್ರವಾದ ಸುಟ್ಟ ಗಾಯ ಮಾಡುತ್ತದೆ. ಆಟಿಕೆ ನಡೆಸಲಾಗದಷ್ಟು ಸೋತ ಬ್ಯಾಟರಿಯಲ್ಲೂ ಅದಕ್ಕೆ ಬೇಕಾದ ಶಕ್ತಿ ಉಳಿದಿರುತ್ತದೆ. ಬ್ಯಾಟರಿಯ ಮುಚ್ಚಳ ಸ್ಕ್ರೂ ಹಾಕಿ ಮುಚ್ಚುವಂತಿಲ್ಲದ ವಸ್ತುವನ್ನು ಮಕ್ಕಳ ಕೋಣೆಯಲ್ಲಿ ಇಡಬೇಡಿ. ನುಂಗಿದ ಅನುಮಾನ ಬಂದರೂ ಸಾಕು, ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಹೋಗಿ. ಒಂದು ವರ್ಷ ದಾಟಿದ ಮಗುವಾದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಜೇನುತುಪ್ಪ, ಆರು ಸಲ ಮೀರದಂತೆ ಕೊಡಬಹುದು, ಬೇರೇನನ್ನೂ ತಿನ್ನಿಸಬೇಡಿ, ಕುಡಿಸಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವೂ ಕೂಡದು.

ಕಿಟಕಿ, ಬಾಗಿಲುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಮಹಡಿಯ ಕಿಟಕಿಗೆ ಗ್ರಿಲ್ ಇರಬೇಕು, ಸಂದಿ 10 ಸೆಂಟಿಮೀಟರಿಗಿಂತ ಕಡಿಮೆಯಿರಬೇಕು. ಸೊಳ್ಳೆ ಜಾಲರಿ ಬೀಳುವುದನ್ನು ತಡೆಯುವುದಿಲ್ಲ. ಕಿಟಕಿಯ ಕೆಳಗೆ ದಿವಾನ ಇರಕೂಡದು. ಪರದೆ ಎಳೆಯುವ ದಾರ ಮಗುವಿಗೆ ಎಟಕಬಾರದು. ಆಷಾಢದಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ನಮ್ಮ ಮನೆಗಳ ಬಾಗಿಲನ್ನೂ ಬಡಿಯುತ್ತದೆ, ಕೀಲಿನ ಕಡೆಯ ಸಂದಿಯಲ್ಲಿ ಬೆರಳಿಟ್ಟ ಮಗುವಿನ ಬೆರಳ ತುದಿಯೇ ತುಂಡಾಗಬಹುದು. ಬಾಗಿಲಿಗೆ ಗಟ್ಟಿಯಾದ ತಡೆ ಹಾಕಿಸಿ, ಅದು ಬರುವವರೆಗೆ ಬಾಗಿಲ ನೆತ್ತಿಗೆ ಟವೆಲ್ ಮಡಿಸಿ ಹಾಕಿ. ಮಗ ಒಳಗಿನಿಂದ ಹಾಕಿಕೊಳ್ಳಬಹುದಾದ ಕೆಳಗಿನ ಚಿಲಕ ತೆಗೆಸಿ. ಕೋಣೆಗೆ ಸೇರಿದ ಬಚ್ಚಲಿದ್ದರೆ ಅದರ ಚಿಲಕ ಹೊರಗೆ ಮೇಲಿರಲಿ, ಬಕೆಟ್ಟಿನಲ್ಲಿ ನೀರು ನಿಲ್ಲಿಸಬೇಡಿ. ಹಳೆಯ ಎಣ್ಣೆಬಣ್ಣದ ಕಿಟಕಿ ಚೌಕಟ್ಟು ಸಿಪ್ಪೆ ಏಳುತ್ತಿದ್ದರೆ ಒಣ ಉಜ್ಜುಕಾಗದದಿಂದ ತಿಕ್ಕಿಸಬೇಡಿ. ಬಣ್ಣದಲ್ಲಿ ಸೀಸದ ಪ್ರಮಾಣವನ್ನು 90 ಪಿಪಿಎಂಗೆ, ಎಂದರೆ ಹತ್ತು ಲಕ್ಷದಲ್ಲಿ 90 ಪಾಲಿಗೆ, ಮಿತಿಗೊಳಿಸಿದ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ, ಅದಕ್ಕೂ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸ ಇರಬಹುದು.

ಕೊನೆಗೆ ಯಜಮಾನರ ಎರಡು ಅಂತಸ್ತಿನ ಮಂಚ. ಆರು ವರ್ಷದೊಳಗಿನ ಮಗುವನ್ನು ಮೇಲಂತಸ್ತಿನಲ್ಲಿ ಮಲಗಿಸಬಾರದು ಎಂಬುದು ಎಲ್ಲೆಡೆ ಒಪ್ಪಿದ ಮಾತು, ಆದರೆ ನಮ್ಮ ಮನೆಗಳಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಹತ್ತಡಿ ಎತ್ತರದ ಸೂರಿನಿಂದ ಒಂದಡಿ ಕೆಳಗೆ ಫ್ಯಾನಿನ ರೆಕ್ಕೆ ತಿರುಗುತ್ತಿರುತ್ತದೆ, ಎಂದರೆ ನೆಲದಿಂದ ಒಂಬತ್ತಡಿಗೆ. ಮೇಲಂತಸ್ತಿನ ಹಾಸಿಗೆ ಸುಮಾರು ಐದಡಿಯಲ್ಲಿರುತ್ತದೆ. ನಾಲ್ಕು ವರ್ಷದ ಹುಡುಗನ ಎತ್ತರ ಹೆಚ್ಚುಕಡಿಮೆ ಮೂರಡಿ ನಾಲ್ಕಂಗುಲ. ಅವನು ಹಾಸಿಗೆಯ ಮೇಲೆ ನಿಂತು ಕೈಯೆತ್ತಿದರೆ ರೆಕ್ಕೆಯ ಮಟ್ಟ ಮುಟ್ಟುತ್ತಾನೆ, ನೆಗೆದರೆ ಹೇಳುವುದೇ ಬೇಡ. ಹತ್ತಕ್ಕೆ ಹನ್ನೊಂದರ ಕೋಣೆಯಲ್ಲಿ ಮಂಚವನ್ನು ಫ್ಯಾನಿನಿಂದ ಸಾಕಷ್ಟು ದೂರ ಸರಿಸುವುದೂ ಕಷ್ಟ, ಮೇಲೆ ಅವನು ಹತ್ತುವುದನ್ನು ನೋಡಿ ತಂಗಿಯೂ ಏಣಿ ಹತ್ತಲು ತೊಡಗುತ್ತಾಳೆ. ಸದ್ಯಕ್ಕೆ ಮಗನಿಗೆ ಮೊಣಕಾಲೆತ್ತರದ ಸಾದಾ ಮಂಚ ಸಾಕು. ಮುಂದೆ ತರುವುದೇ ಆದರೆ ಅವನಿಗೆ ಆರು ತುಂಬಿದ ಮೇಲೆ ತನ್ನಿ; ಮೇಲಂತಸ್ತಿನ ತಡೆ ಹಾಸಿಗೆಯ ಮೇಲ್ಮೈಯಿಂದ 13 ಸೆಂಟಿಮೀಟರಾದರೂ ಎತ್ತರವಿರಲಿ, ನಾಲ್ಕೂ ಬದಿಗೆ ಇರಲಿ, ಮತ್ತು ಸೂರಿನ ಫ್ಯಾನನ್ನು ತೆಗೆಸಿ ಮಂಚಕ್ಕೆ ಎದುರಿನ ಗೋಡೆಗೆ ಜಾಲರಿಯಿರುವ ಫ್ಯಾನ್ ಹಾಕಿಸಿದ ನಂತರವೇ ಅದನ್ನು ಒಳಗೆ ತರಿಸಿ.